ಸರ್ವರಿನ ವಿಳಂಬವೂ ಸಾರ್ವಜನಿಕ ಹಣವೂ

“ಸರ್ವರ್ ನಿಧಾನವಾಗಿದೆ, ನಾಳೆ ಬನ್ನಿ” ಎಂಬ ಮಾತು ನಮ್ಮ ಕಚೇರಿಗಳ ಕಿಟಕಿಯ ಬಳಿ ಇಂದು ಎಷ್ಟು ರೂಢಿಯಾಗಿ ಹೋಗಿದೆಯೆಂದರೆ, ಅದನ್ನು ಹೇಳುವವರಿಗೆ ಸಂಕೋಚವಿಲ್ಲ, ಕೇಳುವವರಿಗೆ ಆಶ್ಚರ್ಯವಿಲ್ಲ. ಒಂದು ದಿನದ ಕೂಲಿಯನ್ನು ಕಳೆದುಕೊಂಡು ಹತ್ತಾರು ಮೈಲಿ ದೂರದಿಂದ ಬಂದವನು, ಮಳೆ ಬಾರದಿದ್ದುದನ್ನು ಸಹಿಸುವಂತೆ ಈ ಉತ್ತರವನ್ನೂ ಸಹಿಸಿಕೊಂಡು ಹಿಂದಿರುಗುತ್ತಾನೆ. ಅಧಿಕಾರಿವರ್ಗದವರಲ್ಲಿಯೂ ಅನೇಕರು ಇದನ್ನು ದೈವಾಧೀನವಾದ ಸಂಗತಿಯೆಂದೇ ಭಾವಿಸಿರುವಂತೆ ತೋರುತ್ತದೆ. ನಾವು ಹಾಗೆ ಭಾವಿಸುವುದಿಲ್ಲ. ನಾಲೆಯಲ್ಲಿ ನೀರು ನಿಂತರೆ ಹೂಳು ಎಲ್ಲಿ ತುಂಬಿದೆಯೆಂದು ದಂಡೆಯ ಮೇಲೆ ನಡೆದು ನೋಡಬಹುದು. ಅಂತೆಯೇ ಯಂತ್ರದಲ್ಲಿ ಕೆಲಸ ನಿಂತರೆ ಅದು ಎಲ್ಲಿ ನಿಂತಿತೆಂಬುದನ್ನು ಅಳೆದು ಕಂಡುಹಿಡಿಯಬಹುದು. ಅಳೆಯದೆ ಮಾಡುವ ಚಿಕಿತ್ಸೆಯಾದರೋ ಬಹುಮಟ್ಟಿಗೆ ಒಂದೇ ಬಗೆಯದು: ಗುತ್ತಿಗೆದಾರನು ಇನ್ನೂ ದೊಡ್ಡ ಯಂತ್ರ ಬೇಕೆಂದು ಬರೆಯುತ್ತಾನೆ, ಕಡತವು ಮೇಲಕ್ಕೆ ಹೋಗುತ್ತದೆ, ಮಂಜೂರಾತಿಯಾಗುತ್ತದೆ, ಬೊಕ್ಕಸದಿಂದ ಹಣ ಹೊರಡುತ್ತದೆ, ವಿಳಂಬವು ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ಹಣವು ಪ್ರಜೆಗಳ ಹಣವಾದುದರಿಂದ ವಿಷಯವು ಎಂಜಿನಿಯರುಗಳಿಗೆ ಮಾತ್ರ ಸೇರಿದ್ದೆಂದು ನಾವು ಸುಮ್ಮನಿರಲಾರೆವು. ಸರ್ವರುಗಳಲ್ಲಿ ನಡೆಯುವ ಕಾರ್ಯಕ್ರಮಗಳು ನಾನಾ ಭಾಷೆಗಳಲ್ಲಿ ಬರೆಯಲ್ಪಡುತ್ತವೆ. ಅವುಗಳಲ್ಲಿ ಜಾವಾಸ್ಕ್ರಿಪ್ಟ್ ಒಂದನ್ನೇ ನಾವು ಇಂದು ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ. ಅದರ ಬಳಕೆ ಬಹಳ ಹಬ್ಬಿದೆಯೆಂಬುದು ಒಂದು ಕಾರಣ. ದೊಡ್ಡ ಯಂತ್ರವನ್ನು ಕೊಳ್ಳುವ ಚಿಕಿತ್ಸೆ ಈ ಭಾಷೆಯ ವಿಷಯದಲ್ಲಿ ವ್ಯರ್ಥವಾಗುವಷ್ಟು ಬೇರೆ ಹಲವು ಭಾಷೆಗಳ ವಿಷಯದಲ್ಲಿ ವ್ಯರ್ಥವಾಗುವುದಿಲ್ಲವೆಂಬುದು ಮುಖ್ಯವಾದ ಕಾರಣ.

ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು 1995ರಲ್ಲಿ ಅಮೆರಿಕೆಯ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಬ್ರೌಸರಿನ ಪುಟಗಳಲ್ಲಿ ಸಣ್ಣಪುಟ್ಟ ಕೆಲಸ ಮಾಡುವುದಕ್ಕೆಂದು ಹುಟ್ಟಿದ ಭಾಷೆ ಅದು. ನೆಟ್‌ಸ್ಕೇಪಿನವರೇ ಅದನ್ನು ಸರ್ವರಿನಲ್ಲಿಯೂ ನಡೆಸಲು ಆಗಲೇ ಯತ್ನಿಸಿದ್ದುಂಟು. ಆದರೆ ಆ ಯತ್ನ ಬೇರೂರಲಿಲ್ಲ. 2008ರಲ್ಲಿ ಗೂಗಲ್ ಕಂಪನಿಯು ಕ್ರೋಮ್ ಬ್ರೌಸರಿನೊಡನೆ ವಿ8 ಎಂಬ ವೇಗದ ಎಂಜಿನನ್ನು ಹೊರಡಿಸಿತು. ಮರುವರ್ಷ, ಎಂದರೆ 2009ರಲ್ಲಿ, ರಯಾನ್ ಡಾಲ್ ಎಂಬ ತರುಣರು ಆ ಎಂಜಿನನ್ನು ಬ್ರೌಸರಿನಿಂದ ಬಿಡಿಸಿ, ಸರ್ವರಿಗೆ ಹೊಂದಿಸಿ, ನೋಡ್ ಎಂಬ ಹೆಸರಿನಿಂದ ಬರ್ಲಿನ್ ನಗರದ ಒಂದು ಸಮ್ಮೇಳನದಲ್ಲಿ ತೋರಿಸಿದರು. ಹತ್ತು ಸಾವಿರ ಗಿರಾಕಿಗಳು ಏಕಕಾಲಕ್ಕೆ ಸಂಪರ್ಕದಲ್ಲಿದ್ದರೆ ಒಂದು ಸರ್ವರು ಅವರನ್ನೆಲ್ಲ ಹೇಗೆ ಸುಧಾರಿಸಬೇಕೆಂಬ ಪ್ರಶ್ನೆಯನ್ನು ಡಾನ್ ಕೆಗೆಲ್ ಎಂಬವರು 1999ರಲ್ಲಿಯೇ ಎತ್ತಿದ್ದರು. ಆ ಪ್ರಶ್ನೆಗೆ ನೋಡ್ ಕೊಟ್ಟ ಉತ್ತರವು ಸರಳವಾಗಿದ್ದಿತು.

ಆ ಉತ್ತರವನ್ನು ಉಡುಪಿ ಹೋಟೆಲಿನ ದೃಷ್ಟಾಂತದಿಂದ ತಿಳಿಯುವುದು ಸುಲಭ. ಹಳೆಯ ಪದ್ಧತಿಯಲ್ಲಿ ಮೇಜಿಗೊಬ್ಬ ಮಾಣಿ. ಗಿರಾಕಿ ದೋಸೆ ಕೇಳಿದರೆ ಆ ಮಾಣಿ ಅಡಿಗೆಮನೆಗೆ ಹೋಗಿ, ದೋಸೆ ಬೇಯುವವರೆಗೂ ಕಾವಲಿಯ ಮುಂದೆಯೇ ನಿಂತಿರುತ್ತಾನೆ. ನೂರು ಮೇಜುಗಳಿದ್ದರೆ ನೂರು ಮಾಣಿಗಳು, ನೂರು ಸಂಬಳಗಳು. ನೋಡ್‌ನ ಪದ್ಧತಿಯಲ್ಲಾದರೋ ಇಡೀ ಹೋಟೆಲಿಗೆ ಒಬ್ಬನೇ ಚುರುಕಾದ ಮಾಣಿ. ಅವನು ಬೇಡಿಕೆಯನ್ನು ಕೂಗಿ ಹೇಳಿ ಮುಂದಿನ ಮೇಜಿಗೆ ಹೋಗುತ್ತಾನೆ. ಒಳಗಿನಿಂದ ತಟ್ಟೆ ಬಂದೊಡನೆ ಎತ್ತಿಕೊಂಡು ಯಾರದೋ ಅವರ ಮುಂದಿಡುತ್ತಾನೆ. ಎಲ್ಲಿಯೂ ನಿಂತು ಕಾಯುವುದಿಲ್ಲ. ಈ ಸುತ್ತಾಟಕ್ಕೇ ಈವೆಂಟ್ ಲೂಪ್ ಎಂದು ಹೆಸರು. ಡೇಟಾಬೇಸಿನಿಂದ ಉತ್ತರ ಬರುವುದನ್ನು, ಜಾಲದ ಮೇಲೆ ಮಾಹಿತಿ ಬರುವುದನ್ನು ಕಾಯುವುದೇ ಹೆಚ್ಚಾಗಿರುವ ಕೆಲಸಗಳಿಗೆ ಇದಕ್ಕಿಂತ ಮಿತವ್ಯಯದ ಏರ್ಪಾಡು ದುರ್ಲಭವೆಂದೇ ಹೇಳಬೇಕು.

ಆದರೆ ಈ ಮಾಣಿಯನ್ನು ಒಬ್ಬ ಗಿರಾಕಿ ತಡೆದು, “ಕಳೆದ ವರ್ಷದ ನನ್ನ ಲೆಕ್ಕವನ್ನೆಲ್ಲ ಇಲ್ಲಿಯೇ ನಿಂತು ಕೂಡಿಸಿ ಹೇಳು” ಎಂದರೆ ಏನಾಗುವುದು? ಲೆಕ್ಕ ಮುಗಿಯುವವರೆಗೆ ಉಳಿದ ಮೇಜುಗಳಲ್ಲಿ ಬರಿಯ ನೀರು ಕೇಳಿದವನಿಗೂ ನೀರಿಲ್ಲ. ಅಡಿಗೆಮನೆಯ ಕಿಂಡಿಯಲ್ಲಿ ತಟ್ಟೆಗಳು ಸಾಲಾಗಿ ತಣ್ಣಗಾಗುತ್ತವೆ. ನೋಡ್ ಸರ್ವರುಗಳ ವಿಳಂಬದ ಒಂದು ದೊಡ್ಡ ಪಾಲು ಈ ದೃಷ್ಟಾಂತದಲ್ಲಿಯೇ ಅಡಗಿದೆ. ಒಂದು ಕೋರಿಕೆಯು 200 ಮಿಲಿಸೆಕೆಂಡುಗಳ, ಎಂದರೆ ಸೆಕೆಂಡಿನ ಐದನೆಯ ಒಂದು ಭಾಗದ, ಲೆಕ್ಕವನ್ನು ಆ ಏಕೈಕ ಥ್ರೆಡ್ಡಿನ ಮೇಲೆ ಹೇರಿದರೆ, ಅಂತಹ ಕೋರಿಕೆಗಳನ್ನು ಸೆಕೆಂಡಿಗೆ ಐದರ ಮೇಲೆ ಪೂರೈಸಲು ಯಾವ ಜಾಣ್ಮೆಯಿಂದಲೂ ಸಾಧ್ಯವಿಲ್ಲ. ಆರನೆಯವನು ಕಾಯಲೇಬೇಕು, ಅವನೊಡನೆ ಬೇರೆ ಹಗುರವಾದ ಕೆಲಸಕ್ಕೆ ಬಂದವರೆಲ್ಲರೂ ಕಾಯಬೇಕು. ಹತ್ತಾರು ಮೆಗಾಬೈಟುಗಳ ಜೇಸನ್ ಪತ್ರವನ್ನು ಒಂದೇ ಸಲಕ್ಕೆ ಬಿಡಿಸುವುದು, ಕಡತವನ್ನು ಓದಿ ಮುಗಿಸುವವರೆಗೆ ಮಿಕ್ಕದ್ದನ್ನೆಲ್ಲ ತಡೆಯುವ ಕ್ರಮದಲ್ಲಿ ಓದುವುದು, ಸಹಸ್ರಾರು ಸಾಲುಗಳ ಪಟ್ಟಿಯನ್ನು ಪ್ರತಿ ಕೋರಿಕೆಗೂ ಹೊಸದಾಗಿ ವಿಂಗಡಿಸುವುದು ಮೊದಲಾದವುಗಳೆಲ್ಲ ಈ ಜಾತಿಗೆ ಸೇರಿದವು.

ಇಂತಹ ತಡೆ ಎಷ್ಟು ಸಣ್ಣ ಜಾಗದಲ್ಲಿ ಅವಿತಿರಬಹುದೆಂಬುದಕ್ಕೆ 2016ನೆಯ ಇಸವಿ ಜುಲೈ 20ರಂದು ಸ್ಟಾಕ್ ಓವರ್‌ಫ್ಲೋ ಎಂಬ ಪ್ರಸಿದ್ಧ ಪ್ರಶ್ನೋತ್ತರ ತಾಣವು 34 ನಿಮಿಷ ಸ್ತಬ್ಧವಾದ ಪ್ರಸಂಗವೇ ಸಾಕ್ಷಿ. ಬರಹದ ಹಿಂದುಮುಂದಿನ ಖಾಲಿ ಜಾಗವನ್ನು ಕತ್ತರಿಸಲು ಬಳಸಿದ್ದ ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ಸುಮಾರು 20,000 ಖಾಲಿ ಅಕ್ಷರಗಳು ಸಾಲಾಗಿದ್ದ ಒಂದು ಬರಹ ಎದುರಾಯಿತು. ಮೊದಲ ಅಕ್ಷರದಿಂದ ಹೊರಟು ಕೊನೆಗೆ ಹೋಗಿ ಸೋತು, ಎರಡನೆಯದರಿಂದ ಹೊರಟು ಮತ್ತೆ ಸೋತು, ಹೀಗೆ ಅದು ಸುಮಾರು 20 ಕೋಟಿ ಹೋಲಿಕೆಗಳನ್ನು ಮಾಡಬೇಕಾಯಿತು. ಆ ಬರಹವು ಮುಖಪುಟದಲ್ಲಿಯೇ ಕಾಣಿಸಿಕೊಂಡಿದ್ದರಿಂದ ಸರ್ವರುಗಳೆಲ್ಲವೂ ಅದೇ ಗಾಣಕ್ಕೆ ಬಿದ್ದವು. ಆ ತಾಣವು ಬರೆಯಲ್ಪಟ್ಟಿರುವುದು ಬೇರೆ ಭಾಷೆಯಲ್ಲಿ, ನಿಜ. ಆದರೆ ಸೋತು ಹಿಂದಿರುಗಿ ಮತ್ತೆ ಯತ್ನಿಸುವ ಈ ಗುಣ ಜಾವಾಸ್ಕ್ರಿಪ್ಟಿನ ಎಂಜಿನಿಗೂ ಉಂಟು. ಅಲ್ಲಿ ಮಾಣಿ ಒಬ್ಬನೇ ಆದುದರಿಂದ ಅಪಾಯವು ಇನ್ನೂ ಹೆಚ್ಚು.

ಈಗ ದೊಡ್ಡ ಯಂತ್ರದ ಮಾತಿಗೆ ಬರೋಣ. 32 ಕೋರ್‌ಗಳುಳ್ಳ ಯಂತ್ರವನ್ನು ಕೊಂಡು ತಂದರೂ ನೋಡ್‌ನ ಒಂದು ಪ್ರೊಸೆಸ್ಸು ತನ್ನ ಜಾವಾಸ್ಕ್ರಿಪ್ಟನ್ನು ಸಹಜವಾಗಿ ನಡೆಸುವುದು ಒಂದು ಥ್ರೆಡ್ಡಿನಲ್ಲಿಯೇ. ಮಿಕ್ಕ ಕೋರ್‌ಗಳು ಬಹುಮಟ್ಟಿಗೆ ಕೈಕಟ್ಟಿ ಕುಳಿತಿರುತ್ತವೆ. ವಿದ್ಯುತ್ತಿನ ಬಿಲ್ಲು ಮಾತ್ರ ಎಲ್ಲಕ್ಕೂ ಬರುತ್ತದೆ. ಪ್ರೊಸೆಸ್ಸುಗಳನ್ನು ಹೆಚ್ಚಿಸಿ ಕೋರ್‌ಗಳಿಗೆ ಹಂಚುವ ಕ್ಲಸ್ಟರ್ ಎಂಬ ಉಪಾಯ ನೋಡ್‌ನಲ್ಲಿ ಬಹುಕಾಲದಿಂದ ಇದೆ. ಭಾರವಾದ ಲೆಕ್ಕವನ್ನು ಬೇರೆ ಥ್ರೆಡ್ಡಿಗೆ ಒಪ್ಪಿಸುವ ವರ್ಕರ್ ಥ್ರೆಡ್ ಎಂಬ ಸೌಕರ್ಯವು 2018ರಲ್ಲಿ ಪ್ರಾಯೋಗಿಕವಾಗಿ ಬಂದು ಮರುವರ್ಷ ಸ್ಥಿರಪಟ್ಟಿತು. ಇವುಗಳನ್ನು ಬಳಸದೆ ಯಂತ್ರವನ್ನು ಮಾತ್ರ ಹಿಗ್ಗಿಸುವುದೆಂದರೆ, ಮಾಣಿ ಒಬ್ಬನೇ ಇರುವಾಗ ಹೋಟೆಲಿನ ಕಟ್ಟಡವನ್ನು ಮೂರು ಅಂತಸ್ತಿಗೆ ಏರಿಸಿದಂತೆ.

ಇನ್ನೊಂದು ವಿಚಿತ್ರವನ್ನೂ ಇಲ್ಲಿಯೇ ಹೇಳಬೇಕು. ನೋಡ್‌ನ ಅಡಿಗೆಮನೆಯಲ್ಲಿ ಕೆಲವು ಕೆಲಸಗಳಿಗೆಂದು ನಾಲ್ಕೇ ಒಲೆಗಳಿವೆ. ಕಡತಗಳನ್ನು ಓದಿ ಬರೆಯುವುದು, ಮಾಹಿತಿಯನ್ನು ಅಡಕಗೊಳಿಸುವುದು, ಹೆಸರಿನಿಂದ ಯಂತ್ರದ ವಿಳಾಸವನ್ನು ಹುಡುಕುವ ಒಂದು ಬಗೆ, ಪಾಸ್‌ವರ್ಡುಗಳನ್ನು ಗೂಢಗೊಳಿಸುವುದು, ಇವು ಲಿಬ್‌ಯುವಿ ಎಂಬ ಭಾಗದ ನಾಲ್ಕು ಥ್ರೆಡ್ಡುಗಳ ಪಾಲಿಗೆ ಹೋಗುತ್ತವೆ. ಬೇರೆ ಸಂಖ್ಯೆಯನ್ನು ಸೂಚಿಸದಿದ್ದರೆ ನಾಲ್ಕೇ. ಒಂದು ಪಾಸ್‌ವರ್ಡಿಗೆ 100 ಮಿಲಿಸೆಕೆಂಡು ಹಿಡಿಯುವುದಾದರೆ ನಾಲ್ಕು ಒಲೆಗಳಲ್ಲಿ ಸೆಕೆಂಡಿಗೆ 40 ಜನರ ಪ್ರವೇಶ. ನಲವತ್ತೊಂದನೆಯವನು ನಿಲ್ಲುತ್ತಾನೆ, ಅವನ ಹಿಂದೆ ಒಂದು ಸಣ್ಣ ಕಡತವನ್ನು ಓದಬೇಕೆಂದವನೂ ನಿಲ್ಲುತ್ತಾನೆ. ದೊಡ್ಡ ಯಂತ್ರದಲ್ಲಿ ಆಗ ಸಿ.ಪಿ.ಯು. ಬಹುಪಾಲು ಬಿಡುವಾಗಿಯೇ ಕಾಣುತ್ತಿರುತ್ತದೆ. “ಯಂತ್ರದಲ್ಲಿ ಲೋಪವೇನೂ ಇಲ್ಲ” ಎಂದು ವರದಿ ಬರುತ್ತದೆ. ಕಿಟಕಿಯ ಮುಂದೆ ಸಾಲು ಬೆಳೆಯುತ್ತಿರುತ್ತದೆ. ಸಿ.ಪಿ.ಯು. ಒಂದನ್ನೇ ನೋಡಿ ತೀರ್ಪು ಕೊಡುವ ಅಧಿಕಾರಿಗಳು ಈ ಸಂಗತಿಯನ್ನು ಗಮನಿಸಬೇಕೆಂದು ಬೇಡುತ್ತೇವೆ.

ಮೇಲೆ ಹೇಳಿದ್ದೆಲ್ಲವೂ ನೋಡ್‌ನ ಒಳಗಿನ ಮಾತು. ಆದರೆ ದಾಖಲೆಗಳನ್ನು ಹುಡುಕಿ ತೋರಿಸುವುದೇ ಪ್ರಧಾನವಾದ ಕಚೇರಿಯ ಕಾರ್ಯಕ್ರಮಗಳಲ್ಲಿ ಮೊದಲು ಸಂಶಯಪಡಬೇಕಾದುದು ಜಾವಾಸ್ಕ್ರಿಪ್ಟನ್ನಲ್ಲ, ಅದರ ಹಿಂದಿರುವ ಡೇಟಾಬೇಸನ್ನು ಎಂಬುದು ನಮ್ಮ ಅಭಿಪ್ರಾಯ. ಅಕಾರಾದಿ ಸೂಚಿಯಿಲ್ಲದ ಸಾವಿರ ಪುಟದ ಗ್ರಂಥದಲ್ಲಿ ಒಂದು ಹೆಸರನ್ನು ಹುಡುಕುವವನ ಪಾಡೇ ಇಂಡೆಕ್ಸ್ ಇಲ್ಲದ ಡೇಟಾಬೇಸಿನ ಪಾಡು. ಅದಕ್ಕಿಂತಲೂ ಸಾಮಾನ್ಯವಾದ ದೋಷ ಇನ್ನೊಂದು: ನೂರು ಅರ್ಜಿಗಳ ಪಟ್ಟಿಯನ್ನು ಒಂದು ಕ್ವೆರಿಯಿಂದ ತಂದು, ಬಳಿಕ ಒಂದೊಂದು ಅರ್ಜಿದಾರನ ಹೆಸರಿಗೂ ಬೇರೆಬೇರೆ ಕ್ವೆರಿ ಕಳುಹಿಸುವುದು. ಒಂದರಿಂದಲೇ ಆಗಬಹುದಾದ ಕೆಲಸಕ್ಕೆ ನೂರೊಂದು ಓಡಾಟ. ಓಡಾಟವೊಂದಕ್ಕೆ 2 ಮಿಲಿಸೆಕೆಂಡೆಂದರೂ ಒಂದಾದಮೇಲೊಂದರಂತೆ 200ಕ್ಕೂ ಮಿಕ್ಕು. ಒಂದನ್ನೊಂದು ಅವಲಂಬಿಸದ ಮೂರು ಕಡೆಗಳಿಂದ ಮಾಹಿತಿ ತರಬೇಕಾದಾಗ, ಒಂದು ಬಂದಮೇಲೆ ಇನ್ನೊಂದನ್ನು ಕೇಳಿದರೆ 100ರಂತೆ 300 ಮಿಲಿಸೆಕೆಂಡು; ಮೂರನ್ನೂ ಒಟ್ಟಿಗೆ ಕೇಳಿದರೆ ಸುಮಾರು 100. ಇಂತಹ ಕಡೆಯಲ್ಲಿ ಕ್ಲಸ್ಟರನ್ನು ಹಿಗ್ಗಿಸಿದರೆ ಆಗುವುದು ಉಪಕಾರವಲ್ಲ. ಮೊದಲೇ ಏದುಸಿರು ಬಿಡುತ್ತಿರುವ ಡೇಟಾಬೇಸಿನ ಮೇಲೆ ಇನ್ನಷ್ಟು ಜನರು ಮುಗಿಬಿದ್ದಂತಾಗುತ್ತದೆ.

ಹೀಗೆ ವಿಳಂಬದ ಮನೆಗಳು ಹಲವು. ಅದು ಯಾವ ಮನೆಯಲ್ಲಿ ಕುಳಿತಿದೆಯೆಂಬುದನ್ನು ಊಹೆಯಿಂದ ಹೇಳಹೊರಟವರು ಸೋಲುತ್ತಾರೆ. ಇದಕ್ಕೆ ನೆಟ್‌ಫ್ಲಿಕ್ಸ್ ಕಂಪನಿಯ ಎಂಜಿನಿಯರುಗಳು 2014ರಲ್ಲಿ ತಾವಾಗಿಯೇ ಪ್ರಕಟಿಸಿದ ವೃತ್ತಾಂತಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಅವರ ನೋಡ್ ಸರ್ವರುಗಳಲ್ಲಿ ಕೆಲವು ಕೋರಿಕೆಗಳ ವಿಳಂಬವು ಗಂಟೆಗೆ 10 ಮಿಲಿಸೆಕೆಂಡುಗಳಂತೆ ಏರುತ್ತ ಹೋಗುತ್ತಿದ್ದಿತು. ಯಂತ್ರಗಳನ್ನು ಸರದಿಯಂತೆ ಆರಿಸಿ ಹೊತ್ತಿಸಿ ಅವರು ತಾತ್ಕಾಲಿಕವಾಗಿ ದಿನ ನೂಕಿದರು. ಸ್ಮರಣೆಯಲ್ಲಿ ಸೋರಿಕೆ ಇರಬಹುದೆಂದು ನೋಡಿದರು. ಅಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಫ್ಲೇಮ್ ಗ್ರಾಫ್ ಎಂಬ ಚಿತ್ರವನ್ನು ತೆಗೆದರು. ಬ್ರೆಂಡನ್ ಗ್ರೆಗ್ ಎಂಬವರು 2011ರಲ್ಲಿ ಕಲ್ಪಿಸಿದ ಈ ಚಿತ್ರದಲ್ಲಿ ಕಾರ್ಯಕ್ರಮದ ಒಂದೊಂದು ಭಾಗವೂ ಒಂದೊಂದು ಪಟ್ಟಿಯಾಗಿ ಕಾಣುತ್ತದೆ, ಸಿ.ಪಿ.ಯು. ಕಾಲವನ್ನು ಹೆಚ್ಚು ನುಂಗಿದ ಭಾಗದ ಪಟ್ಟಿ ಹೆಚ್ಚು ಅಗಲ. ಅಗಲವಾದ ಪಟ್ಟಿಗಳು ಎದ್ದು ಕಂಡದ್ದು, ಬಂದ ಕೋರಿಕೆಯನ್ನು ಯಾವ ವಿಭಾಗಕ್ಕೆ ಕಳುಹಿಸಬೇಕೆಂದು ನಿರ್ಣಯಿಸುವ ಭಾಗದಲ್ಲಿ. ಯಾರು ತಾನೇ ಅಲ್ಲಿ ಹುಡುಕುತ್ತಿದ್ದರು! ಅವರು ಬಳಸುತ್ತಿದ್ದ ಎಕ್ಸ್‌ಪ್ರೆಸ್ ಎಂಬ ಚೌಕಟ್ಟು ಈ ವಿಭಾಗಗಳನ್ನು ಒಂದು ಉದ್ದ ಪಟ್ಟಿಯಲ್ಲಿಟ್ಟುಕೊಂಡು ಮೊದಲಿನಿಂದ ಒಂದೊಂದನ್ನೇ ನೋಡುತ್ತ ಹೋಗುತ್ತದೆ. ಗಂಟೆಯಲ್ಲಿ ಹಲವು ಸಲ ಆ ಪಟ್ಟಿಯನ್ನು ಹೊಸದುಮಾಡುತ್ತಿದ್ದ ಅವರದೇ ಒಂದು ತುಣುಕು ಹಳೆಯ ನಮೂದುಗಳನ್ನು ಪೂರ್ತಿ ತೆಗೆಯದೆ ಅವುಗಳನ್ನೇ ಮತ್ತೆ ಸೇರಿಸುತ್ತಿದ್ದಿತು. ಪಟ್ಟಿ ಬೆಳೆಯಿತು, ಹುಡುಕಾಟ ಬೆಳೆಯಿತು, ವಿಳಂಬ ಬೆಳೆಯಿತು. ಯಂತ್ರವನ್ನು ಎಷ್ಟು ದೊಡ್ಡದು ಮಾಡಿದ್ದರೂ ಆ ಪಟ್ಟಿ ಬೆಳೆಯುತ್ತಲೇ ಇರುತ್ತಿದ್ದಿತು.

ಪ್ರತಿ ರಾತ್ರಿ ಯಂತ್ರವನ್ನು ಆರಿಸಿ ಹೊತ್ತಿಸುವುದನ್ನೇ ನಿತ್ಯಕರ್ಮವಾಗಿ ಮಾಡಿಕೊಂಡವರು ಈ ವೃತ್ತಾಂತವನ್ನು ಓದಬೇಕು. ನೆಟ್‌ಫ್ಲಿಕ್ಸಿನವರಿಗೆ ಅದು ಕಾರಣ ಸಿಗುವವರೆಗಿನ ಊರುಗೋಲಾಗಿದ್ದಿತು. ಕಾರಣವನ್ನು ಹುಡುಕದೆಯೇ ಅದನ್ನು ನೆಚ್ಚಿದರೆ, ಕಾರಣದ ಸುಳಿವುಗಳೂ ಬೆಳಗಾಗುವಷ್ಟರಲ್ಲಿ ಅಳಿಸಿಹೋಗಿರುತ್ತವೆ.

ಅಳತೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮ ವರದಿಗಳಲ್ಲಿ ಸರಾಸರಿಯೊಂದನ್ನೇ ಕೊಡುವ ವಾಡಿಕೆಯಿದೆ. ನೂರು ಜನರಲ್ಲಿ 99 ಮಂದಿಗೆ 20 ಮಿಲಿಸೆಕೆಂಡಿನಲ್ಲಿ, ಒಬ್ಬನಿಗೆ ಎರಡು ಸೆಕೆಂಡಿನಲ್ಲಿ ಉತ್ತರ ಸಿಕ್ಕಿತೆನ್ನಿ. ಸರಾಸರಿ ಸುಮಾರು 40 ಮಿಲಿಸೆಕೆಂಡು. ವರದಿ ಸುಂದರವಾಗಿದೆ, ಆದರೆ 40 ಮಿಲಿಸೆಕೆಂಡು ಕಾದವನು ಆ ನೂರರಲ್ಲಿ ಒಬ್ಬನೂ ಇಲ್ಲ! ಒಂದು ಪುಟಕ್ಕಾಗಿ ಹತ್ತಾರು ಕೋರಿಕೆಗಳು ಹೋಗುವ ಇಂದಿನ ಕಾಲದಲ್ಲಿ ಆ ನೂರರಲ್ಲೊಂದು ಪ್ರತಿಯೊಬ್ಬನನ್ನೂ ಆಗಾಗ ಹಿಡಿಯುತ್ತದೆ. ಆದುದರಿಂದ ನೂರರಲ್ಲಿ 99 ಕೋರಿಕೆಗಳು ಎಷ್ಟು ಕಾಲದೊಳಗೆ ಮುಗಿದುವೆಂಬ ಅಂಕಿಯನ್ನು ಕೇಳತಕ್ಕದ್ದು. ಕೊನೆಯ ದಿನಾಂಕದ ನೂಕುನುಗ್ಗಲನ್ನು ಕುರಿತೂ ಹೀಗೆಯೇ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು ಕರೆಗಳ ಆಗಮನವನ್ನು ಕುರಿತು 1909ರಲ್ಲಿ ಬರೆದ ಲೇಖನದಿಂದ ಬೆಳೆದ ಸಾಲುಗಳ ಶಾಸ್ತ್ರವೊಂದುಂಟು. ಜನರು ಗೊತ್ತುಗುರಿಯಿಲ್ಲದೆ ಬರುವಲ್ಲಿ ಕೆಲಸಗಾರನೊಬ್ಬನು ಹೊತ್ತಿನ ಅರ್ಧಭಾಗ ನಿರತನಾಗಿದ್ದರೆ, ಬಂದವನಿಗೆ ಒಟ್ಟು ತಗಲುವ ಕಾಲವು ಕೆಲಸದ ಕಾಲದ ಎರಡರಷ್ಟು, ನೂರಕ್ಕೆ 80ರಷ್ಟು ನಿರತನಾಗಿದ್ದರೆ ಐದರಷ್ಟು, 90ಕ್ಕೆ ಹತ್ತರಷ್ಟು, 95ಕ್ಕೆ ಇಪ್ಪತ್ತರಷ್ಟು ಎಂಬುದು ಅದರ ಸರಳವಾದ ಒಂದು ಫಲಿತ. ನಿನ್ನೆ ಚೆನ್ನಾಗಿ ನಡೆಯುತ್ತಿದ್ದ ಸರ್ವರು ಇಂದು ಸ್ವಲ್ಪವೇ ಹೆಚ್ಚು ಜನ ಬಂದೊಡನೆ ಕುಸಿಯುವುದರಲ್ಲಿ ಮಾಯೆಯೇನೂ ಇಲ್ಲ. ಏಕೈಕ ಥ್ರೆಡ್ಡಿನ ನೋಡ್‌ಗೆ ಈ ಲೆಕ್ಕ ಅಚ್ಚುಕಟ್ಟಾಗಿ ಹೊಂದುತ್ತದೆ. ಕೋರಿಕೆಯೊಂದರ ಕೆಲಸವನ್ನು ಅರ್ಧಕ್ಕೆ ಇಳಿಸಿದರೆ ಸಾಲು ಅರ್ಧಕ್ಕಿಂತಲೂ ಬಹಳ ಕಡಿಮೆಯಾಗುವುದೂ ಈ ಲೆಕ್ಕದಿಂದಲೇ.

ಈ ಭಾಷೆಯೇ ಕೆಲಸಕ್ಕೆ ಬಾರದ್ದು, ಎಲ್ಲವನ್ನೂ ಬೇರೊಂದರಲ್ಲಿ ಹೊಸದಾಗಿ ಬರೆಸಿ ಎಂದು ವಾದಿಸುವವರೂ ಇದ್ದಾರೆ. ಗುತ್ತಿಗೆದಾರರಿಗೆ ದೊಡ್ಡ ಯಂತ್ರದ ತರುವಾಯ ಪ್ರಿಯವಾದ ಚಿಕಿತ್ಸೆ ಇದು. ಪೇಪಾಲ್ ಕಂಪನಿಯವರು 2013ರಲ್ಲಿ ತಮ್ಮ ಒಂದು ಪುಟವನ್ನು ಜಾವಾದಲ್ಲಿಯೂ ನೋಡ್‌ನಲ್ಲಿಯೂ ಬರೆಸಿ ಹೋಲಿಸಿದಾಗ, ನೋಡ್ ಸೆಕೆಂಡಿಗೆ ಎರಡರಷ್ಟು ಕೋರಿಕೆಗಳನ್ನು ಪೂರೈಸಿತೆಂದೂ ಸರಾಸರಿ ಉತ್ತರದ ಕಾಲ ನೂರಕ್ಕೆ 35ರಷ್ಟು ಇಳಿಯಿತೆಂದೂ ಪ್ರಕಟಿಸಿದರು. ಇದರಿಂದ ನೋಡ್ ಸರ್ವೋತ್ತಮವೆಂದು ಸಿದ್ಧವಾಗುವುದಿಲ್ಲ. ಒಂದು ಪುಟದ ಫಲಿತಾಂಶ ಇನ್ನೊಂದಕ್ಕೆ ಪ್ರಮಾಣವಲ್ಲ. ಚಿತ್ರಗಳನ್ನು ಸಂಸ್ಕರಿಸುವಂತಹ ಶುದ್ಧ ಲೆಕ್ಕದ ಕೆಲಸಕ್ಕೆ ನಾವೂ ನೋಡ್ ಅನ್ನು ಆರಿಸಲಾರೆವು. ಆದರೆ ಇಂಡೆಕ್ಸಿಲ್ಲದ ಡೇಟಾಬೇಸಿನ ಮುಂದೆ ಭಾಷೆಯನ್ನು ಬದಲಿಸುವುದು ಹಣವನ್ನೂ ಎರಡು ವರ್ಷವನ್ನೂ ಕಳೆಯುವ ದಾರಿ.

ಸರಕಾರವೂ ಅದರ ಅಂಗಸಂಸ್ಥೆಗಳೂ ಇಂತಹ ಕೆಲಸವನ್ನು ವಹಿಸಿಕೊಡುವಾಗ ಒಪ್ಪಂದದಲ್ಲಿಯೇ ಕೆಲವು ಷರತ್ತುಗಳನ್ನು ಬರೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ನಿರೀಕ್ಷಿತ ಜನಸಂದಣಿಯನ್ನು ಕೃತಕವಾಗಿ ಹೇರಿ ಪರೀಕ್ಷಿಸದೆ ಯಾವ ಸೇವೆಯನ್ನೂ ಪ್ರಜೆಗಳಿಗೆ ತೆರೆಯಕೂಡದು. ನೂರರಲ್ಲಿ 99ರ ಅಂಕಿಯನ್ನೂ ಈವೆಂಟ್ ಲೂಪ್ ಎಷ್ಟು ಹೊತ್ತು ತಡೆದು ನಿಂತಿತೆಂಬುದನ್ನೂ ದಿನದಿನವೂ ದಾಖಲಿಸಬೇಕು. ಯಂತ್ರದ ಬೇಡಿಕೆಯ ಕಡತದೊಡನೆ, ಕಾಲ ಎಲ್ಲಿ ವ್ಯಯವಾಗುತ್ತಿದೆಯೆಂಬ ಪ್ರೊಫೈಲರಿನ ವರದಿ ಲಗತ್ತಾಗಿರದಿದ್ದರೆ ಆ ಕಡತವನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಬೇಕು. ಇದಕ್ಕೆ ಹೊರಗಿನಿಂದ ಏನನ್ನೂ ಕೊಳ್ಳಬೇಕಾಗಿಲ್ಲ. ನೋಡ್‌ನ ಮೂಲ ಬರಹ ಯಾರಾದರೂ ಓದಬಹುದಾದ ಮುಕ್ತ ಬರಹ. ಪ್ರೊಫೈಲರು, ಲೂಪಿನ ತಡೆಯನ್ನು ಅಳೆಯುವ ಸಾಧನ ಎರಡೂ ಅದರೊಡನೆ ಉಚಿತವಾಗಿಯೇ ಬರುತ್ತವೆ. ಅವುಗಳನ್ನು ಬಳಸಬಲ್ಲ ತರುಣ ತರುಣಿಯರು ಬೆಂಗಳೂರಿನಲ್ಲಿ ಪರದೇಶದ ಕಂಪನಿಗಳ ಸರ್ವರುಗಳನ್ನು ಹಗಲಿರುಳೂ ಹೀಗೆಯೇ ಅಳೆದು ತಿದ್ದುತ್ತಿದ್ದಾರೆ. ಅವರಲ್ಲಿ ನಾಲ್ಕಾರು ಮಂದಿಯನ್ನು ಸರಕಾರವು ನೇರವಾಗಿ ನೇಮಿಸಿಕೊಂಡು, ಗುತ್ತಿಗೆದಾರರ ಹಂಗಿಲ್ಲದ ಒಂದು ಪರೀಕ್ಷಾ ವಿಭಾಗವನ್ನು ಕಟ್ಟಲಿ. ಆ ವಿಭಾಗದ ವರದಿಗಳು ಕಡತದಲ್ಲಿ ಹುದುಗಿಹೋಗದಂತೆ ಪ್ರತಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟವಾಗಲಿ. ಯಾವ ಸೇವೆಯಲ್ಲಿ ಎಷ್ಟು ವಿಳಂಬ, ಅದರ ಕಾರಣವೇನು, ಯಂತ್ರಕ್ಕೆ ಖರ್ಚಾದ ಹಣವೆಷ್ಟು ಎಂಬುದು ಕಿಟಕಿಯ ಮುಂದೆ ನಿಂತವನಿಗೂ ಓದಲು ಸಿಗಲಿ.